ಸದ್ದಿಲ್ಲದೆ ಹೆವಿ ಮೆಟಲ್: ಮನೆಯಲ್ಲೇ ಗಿಟಾರ್ ನೇರ ರೆಕಾರ್ಡಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೀಕರ್ ಮುಂದೆ ಮೈಕ್ ಇಡದೆ, ಗಿಟಾರಿನ ಕೇಬಲನ್ನು ಸೀದಾ ಆಡಿಯೊ ಇಂಟರ್‌ಫೇಸಿಗೆ (ಸಿಗ್ನಲ್ಲನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆ) ಚುಚ್ಚಿ ರೆಕಾರ್ಡ್ ಮಾಡುವುದನ್ನು ಇಲ್ಲಿ ನೇರ ರೆಕಾರ್ಡಿಂಗ್ ಅಂದಿದ್ದೇವೆ. ಹಾಗೆ ಸಿಗುವ ಹಸಿ ಸಿಗ್ನಲ್ಲಿಗೆ ಡಿಐ ಅಂತ ಹೆಸರು. ಆಂಪ್, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ), ಮೈಕ್ ಈ ಮೂರರ ಕೆಲಸವನ್ನೂ ರೆಕಾರ್ಡಿಂಗ್ ತಂತ್ರಾಂಶದೊಳಗೆ ಕೂರುವ ಪ್ಲಗಿನ್ನುಗಳು ಮಾಡುತ್ತವೆ.

ಆಂಪ್ ಜೋರಾಗಿ ಇಡದಿದ್ದರೆ ಮೆಟಲ್ ಟೋನ್ ಬರುವುದೇ ಇಲ್ಲ ಅನ್ನುತ್ತಾರಲ್ಲ?

ಹಳೆಯ ಆಂಪುಗಳ ಮಟ್ಟಿಗೆ ಅದು ನಿಜ. ಅವುಗಳಲ್ಲಿ ಪವರ್ ಟ್ಯೂಬುಗಳನ್ನು ದಣಿಸಿದರೆ ಮಾತ್ರ ಡಿಸ್ಟಾರ್ಷನ್ ಹುಟ್ಟುತ್ತಿತ್ತು. ಮೆಟಲ್ ಆಂಪುಗಳ ದಾರಿ ಬೇರೆ. 1992ರಲ್ಲಿ ಬಂದ ಪೀವಿ 5150ಯಂಥ ಆಂಪಿನಲ್ಲಿ ಡಿಸ್ಟಾರ್ಷನ್ನಿನ ಬಹುಪಾಲು ಪ್ರೀ ಆಂಪಿನಲ್ಲೇ, ಅಂದರೆ ಆಂಪಿನ ಮೊದಲ ಹಂತದಲ್ಲೇ, ತಯಾರಾಗುತ್ತದೆ. ಮಾಸ್ಟರ್ ವಾಲ್ಯೂಮ್ ಮುಖ್ಯವಾಗಿ ಅದನ್ನು ಹೊರಗೆ ಎಷ್ಟು ಬಿಡಬೇಕು ಅಂತ ನಿರ್ಧರಿಸುತ್ತದೆ. ಸದ್ದಿಲ್ಲದೆ ರೆಕಾರ್ಡ್ ಮಾಡುವ ಪ್ರಯತ್ನವೂ ಹೊಸದಲ್ಲ. 1982ರ ರಾಕ್‌ಮ್ಯಾನ್, 1989ರ ಸ್ಯಾನ್ಸ್‌ಆಂಪ್, 1998ರ ಲೈನ್ 6 ಪಾಡ್ ಇವೆಲ್ಲ ಅದೇ ಆಸೆಗೆ ಹುಟ್ಟಿದವು. ಕೊರತೆ ಇದ್ದದ್ದು ಕ್ಯಾಬಿನೆಟ್ಟಿನ ನಕಲಿನಲ್ಲಿ, ಅದನ್ನು ಇಂಪಲ್ಸ್ ರೆಸ್ಪಾನ್ಸ್ (ಚಿಕ್ಕದಾಗಿ ಐಆರ್, ಕ್ಯಾಬಿನೆಟ್ಟಿನ ಗುಣವನ್ನು ಹಿಡಿದಿಟ್ಟ ಫೈಲ್) ತುಂಬಿಕೊಟ್ಟಿತು.

ಜೋರು ಆಂಪಿನ ಎದುರು ನಿಂತಾಗ ತಂತಿ ತಾನಾಗಿ ಫೀಡ್‌ಬ್ಯಾಕಿಗೆ ತಿರುಗುವ ಸುಖವೊಂದನ್ನು ಮಾತ್ರ ಹೆಡ್‌ಫೋನಿನಲ್ಲಿ ಬಿಟ್ಟುಕೊಡಬೇಕು.

ಏನೇನು ಸಾಮಾನು ಬೇಕು?

ಬ್ರಿಡ್ಜಿನಲ್ಲಿ ಹಂಬಕರ್ (ಎರಡು ಸುರುಳಿಯ ಪಿಕಪ್, ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಇರುವ ಗಿಟಾರ್, 3 ಮೀಟರ್ ಒಳಗಿನ ಒಳ್ಳೆಯ ಕೇಬಲ್, ಇನ್‌ಸ್ಟ್ರುಮೆಂಟ್ ಇನ್‌ಪುಟ್ ಇರುವ ಇಂಟರ್‌ಫೇಸ್, ಕಿವಿ ಮುಚ್ಚುವ ಹೆಡ್‌ಫೋನ್, ರೀಪರ್‌ನಂಥ ಒಂದು ರೆಕಾರ್ಡಿಂಗ್ ತಂತ್ರಾಂಶ. ಆಂಪಿಗೆ ನ್ಯೂರಲ್ ಆಂಪ್ ಮಾಡೆಲರ್ ಉಚಿತವಾಗಿಯೇ ಸಿಗುತ್ತದೆ. ನಿಜವಾದ ಆಂಪುಗಳಿಂದ ಸೆರೆಹಿಡಿದ ಮಾಡೆಲ್‌ಗಳನ್ನು ಅದರಲ್ಲಿ ಹಾಕಿಕೊಳ್ಳಬಹುದು. ಇಗ್ನೈಟ್ ಆಂಪ್ಸ್‌ನ ಎಮಿಸರಿ, ಐಆರ್ ಹಾಕಲು ಅವರದೇ ನ್ಯಾಡ್‌ಐಆರ್ ಕೂಡ ಉಚಿತ. ದುಡ್ಡು ಕೊಟ್ಟು ಪ್ಲಗಿನ್ ಕೊಳ್ಳುವ ಮುಂಚೆ ಇವುಗಳಲ್ಲಿ ಒಂದು ಹಾಡನ್ನು ಪೂರ್ತಿ ಮುಗಿಸಿ. ಟೋನ್ ಕೆಟ್ಟಿದ್ದರೆ ಕಾರಣ ಬೇರೆಲ್ಲೋ ಇರುತ್ತದೆ.

ಕಂಪ್ಯೂಟರಿನ ಮೈಕ್ ಸಾಕೆಟ್ಟಿಗೇ ಗಿಟಾರ್ ಚುಚ್ಚಬಾರದೇ?

ಚುಚ್ಚಿದರೆ ಶಬ್ದ ಬರುತ್ತದೆ, ಟೋನ್ ಬರುವುದಿಲ್ಲ. ಪ್ಯಾಸಿವ್ (ಬ್ಯಾಟರಿ ಇಲ್ಲದ) ಪಿಕಪ್ಪಿನ ಸಿಗ್ನಲ್ ದುರ್ಬಲ. ಅದು ಸುಮಾರು 1 ಮೆಗಾಓಮ್ ಇಂಪಿಡೆನ್ಸ್ ಇರುವ ಇನ್‌ಪುಟ್ಟನ್ನು ಬಯಸುತ್ತದೆ. ಲೈನ್ ಇನ್‌ಪುಟ್ಟಿನಲ್ಲಿ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು ಇರುತ್ತದೆ, ಮೈಕ್ ಇನ್‌ಪುಟ್ಟಿನಲ್ಲಿ ಇನ್ನೂ ಕಡಿಮೆ. ಆ ಹೊರೆಗೆ ಪಿಕಪ್ ಕುಸಿದು ಟ್ರೆಬಲ್ ಸತ್ತುಹೋಗುತ್ತದೆ. ಗಿಟಾರಿಗೆ ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ. ಆಮೇಲೆ ಯಾವ ಈಕ್ಯೂ (ಆವರ್ತನಗಳನ್ನು ಏರಿಸಿ ಇಳಿಸುವ ಸಾಧನ) ಹಾಕಿದರೂ ಅದು ಮರಳದು, ನಾಯ್ಸ್ ಮಾತ್ರ ಏರುತ್ತದೆ. ಇಂಟರ್‌ಫೇಸಿನಲ್ಲೂ ಇನ್‌ಸ್ಟ್ರುಮೆಂಟ್ ಸ್ವಿಚ್ ಒತ್ತಿದ್ದೀರಾ ನೋಡಿ. ಅದನ್ನು ಒತ್ತಲು ಮರೆತು ವಾರಗಟ್ಟಲೆ ಪಿಕಪ್ಪನ್ನು ಬೈಯುವವರು ಕಡಿಮೆಯೇನಿಲ್ಲ.

ಇಂಟರ್‌ಫೇಸಿನ ಇನ್‌ಪುಟ್ ಗೇನ್ (ಒಳಬರುವ ಸಿಗ್ನಲ್ ಹಿಗ್ಗಿಸುವ ನಾಬ್) ಎಷ್ಟಿಡಬೇಕು?

ನಿಮ್ಮ ಕೈಲಾದಷ್ಟು ಜೋರಾಗಿ, ಆರೂ ತಂತಿ ಬಾರಿಸಿ. ಮೀಟರಿನ ತುದಿ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ನಿಲ್ಲಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅದಕ್ಕಿಂತ ಮೇಲೇರಿಸಿ ಗಳಿಸುವುದೇನೂ ಇಲ್ಲ. ಕೆಂಪು ದೀಪ ಒಮ್ಮೆ ಮಿನುಗಿದರೂ ಆ ಟೇಕ್ ಹೋದಂತೆಯೇ. ಇಂಟರ್‌ಫೇಸಿನ ಕ್ಲಿಪ್ಪಿಂಗ್ ಆಂಪಿನ ಡಿಸ್ಟಾರ್ಷನ್ ಅಲ್ಲ, ಪಿಕ್ ತಾಗಿದ ಕ್ಷಣದಲ್ಲೆಲ್ಲ ಚಟ್ ಚಟ್ ಅನ್ನುವ ಕರಕಲು ಸದ್ದು.

ಇಲ್ಲಿ ಗೇನ್ ಏರಿಸಿದರೆ ಪ್ಲಗಿನ್ನಿನ ಗೇನ್ ನಾಬನ್ನೂ ಏರಿಸಿದಂತೆಯೇ ಆಗುತ್ತದೆ. ನಿನ್ನೆ ಚೆನ್ನಾಗಿದ್ದ ಪ್ರೀಸೆಟ್ ಇವತ್ತು ಕೆಸರಾಗಿ ಕೇಳಿಸಿದರೆ ಮೊದಲು ಈ ನಾಬ್ ನೋಡಿ. ಸರಿಯಾದ ಜಾಗ ಸಿಕ್ಕಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಡಿ. ಇನ್ನೊಬ್ಬರ ಪ್ರೀಸೆಟ್ ನಿಮ್ಮಲ್ಲಿ ಬೇರೆಯಾಗಿ ಕೇಳಿಸಲು ಅರ್ಧ ಕಾರಣ ಇದೇ. ಆಕ್ಟಿವ್ ಪಿಕಪ್ ಇದ್ದು, ಗೇನ್ ಸೊನ್ನೆಯಲ್ಲೂ ಕ್ಲಿಪ್ ಆಗುತ್ತಿದ್ದರೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಹಾಕಿ ಅಥವಾ ಪಿಕಪ್ಪನ್ನು ಒಂದೆರಡು ಮಿಲಿಮೀಟರ್ ಕೆಳಗಿಳಿಸಿ. (ಆಕ್ಟಿವ್ ಪಿಕಪ್ಪಿನವರು ನುಡಿಸಿ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. ಜ್ಯಾಕ್ ಒಳಗಿದ್ದಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಕರಗುತ್ತಿರುತ್ತದೆ.)

ಡಬ್ಬಿಯಲ್ಲಿ ಜೇನುನೊಣ ತುಂಬಿ ಅಲ್ಲಾಡಿಸಿದ ಹಾಗೆ ಕೇಳಿಸುತ್ತದೆ. ಯಾಕೆ?

ಕ್ಯಾಬಿನೆಟ್ ಇಲ್ಲ, ಅದಕ್ಕೆ. ಗಿಟಾರ್ ಸ್ಪೀಕರ್ ಹಾಡು ಕೇಳುವ ಸ್ಪೀಕರಿನಂತಲ್ಲ. ಮೆಟಲ್‌ನಲ್ಲಿ ಅತಿ ಹೆಚ್ಚು ಕೇಳಿಬರುವ ಸೆಲೆಸ್ಚನ್ ವಿಂಟೇಜ್ 30ರ ವ್ಯಾಪ್ತಿ 70ರಿಂದ 5,000 ಹರ್ಟ್ಜ್, ಅಷ್ಟೇ. ಅದರ ಮೇಲಿನದ್ದನ್ನು ಸ್ಪೀಕರ್ ಕಡಿದಾಗಿ ಇಳಿಸಿಬಿಡುತ್ತದೆ. ಡಿಸ್ಟಾರ್ಷನ್ ಹುಟ್ಟಿಸುವ ಕರಕರ ಎಲ್ಲ ಇರುವುದು ಅಲ್ಲೇ. ಪೆಡಲನ್ನೋ ಆಂಪ್ ಪ್ಲಗಿನ್ನನ್ನೋ ಸೀದಾ ಹೆಡ್‌ಫೋನಿಗೆ ಕೊಟ್ಟರೆ ಆ ಜರಡಿ ಇಲ್ಲದೆ ಎಲ್ಲವೂ ಕಿವಿಗೆ ಬೀಳುತ್ತದೆ.

ಆಂಪಿನ ನಂತರ ಐಆರ್ ಹಾಕಿ. ಕ್ಯಾಬಿನೆಟ್, ಸ್ಪೀಕರ್, ಮೈಕ್, ಮೈಕ್ ಇಟ್ಟ ಜಾಗ ಎಲ್ಲವೂ ಸೇರಿದ ಪುಟ್ಟ ವೇವ್ ಫೈಲ್ ಅದು. ಅದು ಒಂದೇ ಇರಬೇಕು. ಮಲ್ಟಿ ಇಫೆಕ್ಟ್ ಪೆಡಲಿನಲ್ಲಿ ಒಂದು ಕ್ಯಾಬ್, ಪ್ಲಗಿನ್ನಿನಲ್ಲಿ ಇನ್ನೊಂದು ಸೇರಿಕೊಂಡರೆ ಪಕ್ಕದ ಕೋಣೆಯಲ್ಲಿ ಯಾರೋ ನುಡಿಸುತ್ತಿರುವಂತೆ ಮಂಕಾಗುತ್ತದೆ.

ಸಾವಿರಾರು ಐಆರ್ ಇವೆ. ಆರಿಸುವುದು ಹೇಗೆ?

ಆಂಪಿಗಿಂತ ಐಆರ್ ಟೋನನ್ನು ಹೆಚ್ಚು ಬದಲಿಸುತ್ತದೆ. ಅನುಮಾನವಿದ್ದರೆ ಒಂದೇ ಐಆರ್ ಇಟ್ಟುಕೊಂಡು ಮೂರು ಆಂಪ್ ಕೇಳಿ, ಆಮೇಲೆ ಒಂದೇ ಆಂಪಿಗೆ ಮೂರು ಐಆರ್ ಹಾಕಿ ನೋಡಿ. ಹಾಗಿದ್ದೂ ಹೆಚ್ಚಿನವರು ಹಣವನ್ನೂ ಸಂಜೆಗಳನ್ನೂ ಸುರಿಯುವುದು ಆಂಪಿನ ಮೇಲೆ.

ಆಂಪಿನ ಎಲ್ಲ ನಾಬುಗಳನ್ನು ಮಧ್ಯಕ್ಕಿಡಿ. ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸುವುದು), ತೆರೆದ ಕಾರ್ಡ್ ಎರಡೂ ಇರುವ ನಾಲ್ಕು ಬಾರಿನ ರಿಫ್ ಒಂದನ್ನು ಡಿಐ ಆಗಿ ರೆಕಾರ್ಡ್ ಮಾಡಿ ಲೂಪ್ ಹಾಕಿ. ಡ್ರಮ್ಸ್, ಬೇಸ್ ಜೊತೆಗಿರಲಿ. ಹತ್ತು ಐಆರ್ ಸಾಕು. ವಿಂಟೇಜ್ 30 ಇರುವ 4x12 (12 ಇಂಚಿನ ನಾಲ್ಕು ಸ್ಪೀಕರಿನ) ಕ್ಯಾಬಿನ ಮುಂದೆ ಶ್ಯೂರ್ ಎಸ್‌ಎಂ57 ಮೈಕ್ ಇಟ್ಟು ತೆಗೆದವುಗಳಿಂದ ಶುರು ಮಾಡಿ. ಪ್ರತಿಯೊಂದರ ವಾಲ್ಯೂಮನ್ನೂ ಕಿವಿಗೆ ಸಮ ಅನ್ನಿಸುವಂತೆ ಹೊಂದಿಸಿಕೊಳ್ಳಿ. ಅದನ್ನು ಮಾಡದಿದ್ದರೆ ಒಂದು ಡಿಬಿ ಜೋರಿರುವುದೇ ಪ್ರತಿ ಸಲ ಗೆಲ್ಲುತ್ತದೆ. ಮೈಕ್ ಸ್ಪೀಕರಿನ ನಡುಗುಬ್ಬಿಗೆ ನೇರ ಇದ್ದಷ್ಟೂ ಚೂಪು, ಅಂಚಿಗೆ ಸರಿದಷ್ಟೂ ಮಂದ. ಫೈಲ್ ಹೆಸರಿನಲ್ಲಿ ಇದು ಬರೆದಿರುತ್ತದೆ. ಎರಡು ಐಆರ್ ಬೆರೆಸಿದಾಗ ಸದ್ದು ಟೊಳ್ಳಾದರೆ ಅವುಗಳ ಆರಂಭ ಒಂದೇ ಕ್ಷಣಕ್ಕೆ ಕೂತಿಲ್ಲ ಅಂತ ಅರ್ಥ. ಒಂದರ ಫೇಸ್ ತಿರುಗಿಸಿ ನೋಡಿ. ಸರಿಹೋಗದಿದ್ದರೆ ಒಂದನ್ನೇ ಬಳಸಿ.

ಶುರು ಮಾಡಲು ಒಂದು ಖಚಿತ ಸೆಟ್ಟಿಂಗ್ ಕೊಡಿ.

ಟ್ರ್ಯಾಕ್ ಮೊನೊ ಇರಲಿ. ಸಾಲು ಹೀಗೆ: ಗೇಟ್ (ನುಡಿಸದಿದ್ದಾಗ ನಾಯ್ಸ್ ತಡೆಯುವುದು), ಟ್ಯೂಬ್ ಸ್ಕ್ರೀಮರ್ ಪೆಡಲಿನ ಪ್ಲಗಿನ್, ಆಂಪ್, ಐಆರ್, ಈಕ್ಯೂ.

ಟ್ಯೂಬ್ ಸ್ಕ್ರೀಮರಿನಲ್ಲಿ ಡ್ರೈವ್ 0, ಟೋನ್ ಮಧ್ಯ, ಲೆವೆಲ್ 8ರಿಂದ 10. ಡಿಸ್ಟಾರ್ಷನ್ ಪೆಡಲಿಗೆ ಸೊನ್ನೆ ಡ್ರೈವ್ ಏನು ಬಂತು ಅನ್ನಿಸಬಹುದು. ಇಲ್ಲಿ ಅದರಿಂದ ಬೇಕಿರುವುದು ಡಿಸ್ಟಾರ್ಷನ್ ಅಲ್ಲ. ಸುಮಾರು 720 ಹರ್ಟ್ಜಿನ ಆಸುಪಾಸಿನ ಮಿಡ್ ಎತ್ತಿ, ಅದರ ಕೆಳಗಿನ ಬೇಸನ್ನು ಆಂಪ್ ಮುಟ್ಟುವ ಮುಂಚೆಯೇ ತೆಳುಮಾಡುವುದು ಅದರ ಕೆಲಸ. ದಪ್ಪ ಬೇಸ್ ಹೆಚ್ಚು ಗೇನಿನ ಆಂಪಿಗೆ ಹೊಕ್ಕರೆ ಒಡೆದು ಕೊಸಕೊಸ ಆಗುತ್ತದೆ, ವೇಗದ ಪಾಮ್ ಮ್ಯೂಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊದಲೇ ತೆಳುಮಾಡಿ ಕಳಿಸಿದರೆ ಪ್ರತಿ ಏಟೂ ಬಿಡಿಬಿಡಿಯಾಗಿ ಬೀಳುತ್ತದೆ. ಬೇಸ್ ಬೇಕಿದ್ದರೆ ಡಿಸ್ಟಾರ್ಷನ್ ಆದಮೇಲೆ ಸೇರಿಸಿ.

ಆಂಪಿನಲ್ಲಿ ಗೇನ್ 4, ಬೇಸ್ 4, ಮಿಡ್ 5, ಟ್ರೆಬಲ್ 5.5, ಪ್ರೆಸೆನ್ಸ್ 5. ಐಆರ್ ನಂತರದ ಈಕ್ಯೂನಲ್ಲಿ 80 ಹರ್ಟ್ಜಿನ ಕೆಳಗಿನದ್ದನ್ನೂ 9,000 ಹರ್ಟ್ಜಿನ ಮೇಲಿನದ್ದನ್ನೂ ಕತ್ತರಿಸಿ. 3,000ದಿಂದ 5,000 ಹರ್ಟ್ಜ್ ನಡುವೆ ಎಲ್ಲೋ ಒಂದು ಸಣ್ಣ ಸಿಳ್ಳೆ ಅಡಗಿರುತ್ತದೆ. ಕಿರಿದಾದ ಬ್ಯಾಂಡೊಂದನ್ನು 8 ಡಿಬಿ ಎತ್ತಿ ನಿಧಾನಕ್ಕೆ ಸರಿಸುತ್ತಾ ಹೋಗಿ. ಹಲ್ಲು ಜುಂ ಅನ್ನುವ ಜಾಗ ಸಿಕ್ಕಾಗ ನಿಲ್ಲಿಸಿ ಅದನ್ನೇ 3ರಿಂದ 5 ಡಿಬಿ ಇಳಿಸಿ. ಒಂದೋ ಎರಡೋ ಕಡೆ ಸಾಕು. ಎತ್ತಿ ಹುಡುಕಿದರೆ ಎಲ್ಲ ಜಾಗವೂ ಕೆಟ್ಟದಾಗೇ ಕೇಳಿಸುತ್ತದೆ. ಹಾಗಂತ ಎಲ್ಲ ಕಡೆ ಕೊರೆದರೆ ಗಿಟಾರಿನ ಜೀವವೇ ಹೋಗುತ್ತದೆ.

ಗೇನ್ 4 ಮೆಟಲ್‌ಗೆ ಸಾಕೇ?

ಒಬ್ಬರೇ ಕೂತು ನುಡಿಸುವಾಗ ಕಡಿಮೆ ಅನ್ನಿಸುತ್ತದೆ. ರೆಕಾರ್ಡಿಂಗಿನಲ್ಲಿ ಎರಡು, ಕೆಲವೊಮ್ಮೆ ನಾಲ್ಕು ಗಿಟಾರ್ ಒಟ್ಟಿಗೆ ಕೇಳುತ್ತವೆ, ಅವುಗಳ ಕರಕರವೂ ಕೂಡಿಕೊಳ್ಳುತ್ತದೆ. ಪಾಮ್ ಮ್ಯೂಟ್ ಮಾಡಿದ ಸ್ವರಕ್ಕೂ ತೆರೆದ ಸ್ವರಕ್ಕೂ ವ್ಯತ್ಯಾಸ ಎದ್ದು ಕಾಣಬೇಕು, ಪಿಕ್ ತಂತಿಗೆ ತಾಗುವ "ಟಕ್" ಕೇಳಬೇಕು. ಕೇಳದಿದ್ದರೆ ಗೇನ್ ಇಳಿಸಿ. ಇಳಿಸಿದಾಗ ನುಡಿಸುವುದು ಕಷ್ಟವಾಗುತ್ತದೆ, ಏಕೆಂದರೆ ಗೇನ್ ಮುಚ್ಚಿಟ್ಟಿದ್ದ ಬಲಗೈ ತಪ್ಪುಗಳು ಬಯಲಿಗೆ ಬರುತ್ತವೆ. 1 ಮಿಲಿಮೀಟರಿಗಿಂತ ದಪ್ಪ ಪಿಕ್ ಹಿಡಿದು ಗಟ್ಟಿಯಾಗಿ ಹೊಡೆಯುವುದೇ ಅದಕ್ಕೆ ಮದ್ದು.

ಮಿಡ್ ಪೂರ್ತಿ ಇಳಿಸಿದರೆ ಚೆನ್ನಾಗಿ ಕೇಳಿಸುತ್ತದಲ್ಲ?

ಒಂಟಿಯಾಗಿ ಕೇಳುವಾಗ ಹೌದು. ಡ್ರಮ್ಸ್, ಬೇಸ್ ಸೇರಿದ ಕೂಡಲೇ ಗಿಟಾರ್ ಕಾಣೆಯಾಗುತ್ತದೆ. ಕೆಳಗಿನ ಜಾಗ ಬೇಸ್ ಮತ್ತು ಕಿಕ್‌ನದ್ದು, ಮೇಲಿನದು ಸಿಂಬಲ್‌ಗಳದ್ದು, ಗಿಟಾರಿಗೆ ಉಳಿಯುವುದು ಮಿಡ್ ಒಂದೇ. 1990ರ ದಶಕದ ಆರಂಭದ ಸ್ಟಾಕ್‌ಹೋಮ್ ಡೆತ್ ಮೆಟಲ್ ಬೇಕಿದ್ದರೆ ಮಾತ್ರ ಈ ಪುಟದ ನಾಬ್ ಲೆಕ್ಕಗಳನ್ನೆಲ್ಲ ಮರೆತುಬಿಡಿ. ಅದು ಬಾಸ್ ಎಚ್‌ಎಂ-2 ಪೆಡಲಿನ ನಾಲ್ಕೂ ನಾಬುಗಳನ್ನು ಕೊನೆಯವರೆಗೆ ತಿರುಗಿಸಿಟ್ಟ ಸದ್ದು.

ಪಿಕ್ ಮಾಡಿದ ಮೇಲೆ ಶಬ್ದ ತಡವಾಗಿ ಬರುತ್ತದೆ.

ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಹಾಕಿಕೊಳ್ಳುವ ಸ್ಯಾಂಪಲ್‌ಗಳ ಗುಂಪು) ದೊಡ್ಡದಿದೆ. 48 ಕಿಲೋಹರ್ಟ್ಜಿನಲ್ಲಿ 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3. ಒಳಗೆ ಬರಲು ಒಮ್ಮೆ, ಹೊರಗೆ ಹೋಗಲು ಒಮ್ಮೆ, ಜೊತೆಗೆ ಡ್ರೈವರಿನ ಪಾಲು ಬೇರೆ. ಒಟ್ಟು 10 ಮಿಲಿಸೆಕೆಂಡ್ ಒಳಗಿದ್ದರೆ ಆರಾಮ. ಆಂಪಿನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸಿದರೂ ಅಷ್ಟೇ ತಡ ಆಗುತ್ತದೆ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ ಹಾಕಿ, ತಂತ್ರಾಂಶದಲ್ಲಿ ಅದನ್ನೇ ಆರಿಸಿ. ರೆಕಾರ್ಡ್ ಮಾಡುವಾಗ 64 ಅಥವಾ 128, ಮಿಕ್ಸ್ ಮಾಡುವಾಗ 512 ಅಥವಾ 1,024. ಪಟಪಟ ಸಿಡಿದರೆ ಒಂದು ಮೆಟ್ಟಿಲು ಮೇಲೇರಿಸಿ, ಮಾಸ್ಟರಿನಲ್ಲಿ ಲಿಮಿಟರ್ ಇದ್ದರೆ ತೆಗೆಯಿರಿ. ಲುಕ್‌ಅಹೆಡ್ (ಮುಂದೆ ಬರುವ ಸದ್ದನ್ನು ಮೊದಲೇ ನೋಡುವ ಗುಣ) ಇರುವ ಪ್ಲಗಿನ್ನುಗಳು ತಾವೇ ತಡ ಸೇರಿಸುತ್ತವೆ.

ಡಿಸ್ಟಾರ್ಷನ್ ಜೊತೆಗೆ ಬರಿ ತಂತಿಯ ಟಿಣ್ ಟಿಣ್ ಕೂಡ ಕೇಳುತ್ತಿದ್ದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆಫ್ ಮಾಡಿ.

ಗುಂಯ್ ಅನ್ನುವ ಹಮ್ ಎಲ್ಲಿಂದ ಬರುತ್ತಿದೆ ಅಂತ ಹಿಡಿಯುವುದು ಹೇಗೆ?

ಗೇಟ್ ಆಫ್ ಮಾಡಿ, ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿ. ಹಮ್ ನಿಂತರೆ ಅದು ಪಿಕಪ್ಪಿನ ಮೂಲಕ ಬರುತ್ತಿದೆ. ಕೂತಲ್ಲೇ ಮೆಲ್ಲಗೆ ತಿರುಗಿ, ಯಾವುದೋ ಒಂದು ದಿಕ್ಕಿನಲ್ಲಿ ಬಹುಪಾಲು ಇಳಿಯುತ್ತದೆ. ಆ ದಿಕ್ಕಿನಲ್ಲೇ ರೆಕಾರ್ಡ್ ಮಾಡಿ. ಮಾನಿಟರ್, ಡಿಮ್ಮರ್, ಚಾರ್ಜರುಗಳಿಂದ ಒಂದೂವರೆ ಮೀಟರ್ ದೂರ ಕೂರಿ. ಸಿಂಗಲ್ ಕಾಯಿಲ್ ಆದರೆ 50 ಅಥವಾ 60 ಹರ್ಟ್ಜಿನ ಹಮ್ ಅದರ ಹುಟ್ಟುಗುಣ. ಹಂಬಕರಿನ ಎರಡು ಸುರುಳಿಗಳು ಅದನ್ನೇ ಪರಸ್ಪರ ಹೊಡೆದುಹಾಕುತ್ತವೆ.

ವಾಲ್ಯೂಮ್ ಸೊನ್ನೆಯಲ್ಲೂ ಸದ್ದು ಇದ್ದರೆ ಕೇಬಲ್, ಇಂಟರ್‌ಫೇಸ್, ಲ್ಯಾಪ್‌ಟಾಪ್ ಕಡೆ ನೋಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ಹೋದರೆ ಕಳ್ಳ ಸಿಕ್ಕಂತೆ, ಟೇಕ್ ತೆಗೆದುಕೊಳ್ಳುವಷ್ಟು ಹೊತ್ತು ಬ್ಯಾಟರಿಯಲ್ಲೇ ಇರಿ. ಮೌಸ್ ಆಡಿಸಿದಾಗ ಕೀಂ ಅನ್ನುವ ದನಿ ಬದಲಾದರೆ ಯುಎಸ್‌ಬಿ ಪೋರ್ಟ್ ಬದಲಿಸಿ, ಹಬ್ ಬಳಸಬೇಡಿ. ತಂತಿ ಮುಟ್ಟಿದಾಗ ಹಮ್ ಇಳಿಯುವುದು ಸಹಜ. ಮುಟ್ಟಿದಾಗ ಏರಿದರೆ ಗಿಟಾರಿನೊಳಗಿನ ಗ್ರೌಂಡ್ ವೈರೋ ಜ್ಯಾಕಿನ ಜೋಡಣೆಯೋ ತಪ್ಪಿರಬಹುದು. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ತೆಗೆಯುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಶಾರ್ಟ್ ಆದ ದಿನ ಕರೆಂಟಿಗೆ ದಾರಿ ನಿಮ್ಮ ಕೈಯಲ್ಲಿರುವ ತಂತಿ.

ಗೇಟ್ ಹಾಕಿದರೆ ಸ್ವರದ ಬಾಲ ಕತ್ತರಿಸುತ್ತದೆ.

ಗೇಟನ್ನು ಆಂಪಿನ ಮುಂದೆ, ಹಸಿ ಡಿಐ ಮೇಲೆ ಇಡಿ. ಡಿಸ್ಟಾರ್ಷನ್ ಆದಮೇಲೆ ಸ್ವರಕ್ಕೂ ನಾಯ್ಸಿಗೂ ಅಂತರ ಉಳಿಯುವುದಿಲ್ಲ, ಗೇಟ್ ಕಕ್ಕಾಬಿಕ್ಕಿಯಾಗುತ್ತದೆ. ಕೈಯಿಂದ ತಂತಿ ಮುಚ್ಚಿ, ನಾಯ್ಸ್ ನಿಲ್ಲುವವರೆಗೆ ಥ್ರೆಶೋಲ್ಡ್ (ಗೇಟ್ ತೆರೆಯುವ ಮಟ್ಟ) ಏರಿಸಿ, ಅಲ್ಲಿಂದ 2 ಡಿಬಿಗಿಂತ ಮೇಲೆ ಹೋಗಬೇಡಿ. ರಿಲೀಸ್ (ಗೇಟ್ ಮುಚ್ಚಲು ಹಿಡಿಯುವ ಹೊತ್ತು) ಕಡಿದು ಕಡಿದು ನಿಲ್ಲುವ ರಿಫಿಗೆ 20ರಿಂದ 40 ಮಿಲಿಸೆಕೆಂಡ್, ಎಳೆದ ಕಾರ್ಡಿಗೆ 150ಕ್ಕಿಂತ ಹೆಚ್ಚು. ಲೀಡ್‌ಗೆ ಗೇಟೇ ಬೇಡ, ಖಾಲಿ ಜಾಗಗಳನ್ನು ಕೈಯಾರೆ ಕತ್ತರಿಸಿ.

ಒಂದೇ ಟೇಕ್ ಕಾಪಿ ಮಾಡಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಆಗದೇ?

ಆಗದು. ಎರಡೂ ಒಂದೇ ಆದರೆ ಕಿವಿಗೆ ನಡುವಿನಲ್ಲೇ, ಸ್ವಲ್ಪ ಜೋರಾಗಿ ಕೇಳುತ್ತದೆ. ಒಂದನ್ನು 15 ಮಿಲಿಸೆಕೆಂಡ್ ಸರಿಸಿದರೆ ಅಗಲವಾಯಿತೆಂದು ಭ್ರಮೆ ಹುಟ್ಟುತ್ತದೆ. ಮೊನೊದಲ್ಲಿ ಕೇಳಿದಾಗ ಅದೇ ಟೊಳ್ಳಾಗುತ್ತದೆ. ಎರಡು ಸಲ ನುಡಿಸಲೇಬೇಕು. ಒಂದು ಪೂರ್ತಿ ಎಡಕ್ಕೆ, ಇನ್ನೊಂದು ಪೂರ್ತಿ ಬಲಕ್ಕೆ. ಎರಡನೆಯದನ್ನು ನುಡಿಸುವಾಗ ಮೊದಲನೆಯದು ಒಂದು ಕಿವಿಯಲ್ಲಿ ಕೇಳುತ್ತಿರಲಿ, ಸ್ವರ ನಿಲ್ಲುವ ಜಾಗವೂ ಹೊಂದಬೇಕು. ಮೆಟಲ್ ರಿಫಿನಲ್ಲಿ ಶುರುವಿಗಿಂತ ನಿಲುಗಡೆ ತಪ್ಪಿದ್ದೇ ಬೇಗ ಬಯಲಾಗುತ್ತದೆ. ಪ್ರತಿ ಟೇಕಿಗೂ ಮುಂಚೆ ಟ್ಯೂನ್ ಮಾಡಿ. ಗಟ್ಟಿಯಾಗಿ ಹೊಡೆದಾಗ ದಪ್ಪ ತಂತಿ ಕ್ಷಣಕಾಲ ಸ್ವರ ಮೀರುತ್ತದೆ, ಆದ್ದರಿಂದ ರಿಫ್ ನುಡಿಸುವಷ್ಟೇ ಬಲದಲ್ಲಿ ಹೊಡೆದು ಟ್ಯೂನ್ ಮಾಡಬೇಕು.

ಡ್ರಾಪ್ ಸಿಗೆ (ದಪ್ಪ ತಂತಿಯನ್ನು ಇ ಬದಲು ಸಿ ಸ್ವರಕ್ಕೆ ಇಳಿಸುವ ಟ್ಯೂನಿಂಗ್) ಇಳಿಸಿದರೆ ತಂತಿ ಜೋಲುತ್ತದೆ, ಟೋನ್ ಕೆಸರಾಗುತ್ತದೆ.

ಸಾಮಾನ್ಯ ಟ್ಯೂನಿಂಗಿನ ಕೆಳಗಿನ ಇ 82.4 ಹರ್ಟ್ಜ್, ಡ್ರಾಪ್ ಸಿ 65.4. 25.5 ಇಂಚು ಸ್ಕೇಲಿನ ಗಿಟಾರಿಗೆ 11-56 ಆಸುಪಾಸಿನ ದಪ್ಪದ ತಂತಿ ಸೆಟ್ ಹಾಕಿ, ಇಂಟೊನೇಷನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿಯಿರುವಿಕೆ) ಮತ್ತೆ ಹೊಂದಿಸಿ. ಹಳೆಯ ತಂತಿಯಲ್ಲಿ ಕಳೆದುಹೋದ ಹೊಳಪನ್ನು ಯಾವ ಪ್ಲಗಿನ್ನೂ ತರುವುದಿಲ್ಲ. 80 ಹರ್ಟ್ಜಿನಲ್ಲಿ ಕತ್ತರಿಸಿದರೆ ಮೂಲ ಸ್ವರವೇ ಹೋಗುವುದಿಲ್ಲವೇ ಅಂತ ಕೇಳಬಹುದು. ಸ್ವಲ್ಪ ಹೋಗುತ್ತದೆ, ಹೋಗಲಿ, ಆ ಜಾಗ ಬೇಸ್ ಗಿಟಾರಿನದ್ದು. ಪಾಮ್ ಮ್ಯೂಟ್ ಮಾಡಿದಾಗ ಮಾತ್ರ ಧಮ್ ಧಮ್ ಉಬ್ಬಿಬಂದರೆ 100ರಿಂದ 250 ಹರ್ಟ್ಜಿಗೆ ಮಲ್ಟಿಬ್ಯಾಂಡ್ ಕಂಪ್ರೆಸರ್ ಹಾಕಿ, ಉಬ್ಬಿದ ಕ್ಷಣದಲ್ಲಷ್ಟೇ 3ರಿಂದ 5 ಡಿಬಿ ಇಳಿಯಲಿ.

ಮನೆಯಲ್ಲಿ ಟ್ಯೂಬ್ ಆಂಪ್ ಇದೆ. ಸ್ಪೀಕರ್ ಕಿತ್ತು ನೇರ ರೆಕಾರ್ಡ್ ಮಾಡಬಹುದೇ?

ಲೋಡ್ ಬಾಕ್ಸ್ (ಸ್ಪೀಕರಿನ ಬದಲು ಆಂಪಿನ ಶಕ್ತಿ ಹೀರುವ ಪೆಟ್ಟಿಗೆ) ಇಲ್ಲದೆ ಎಂದಿಗೂ ಬೇಡ. ಸ್ಪೀಕರ್ ಇಲ್ಲದ ಟ್ಯೂಬ್ ಆಂಪಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಮಿತಿಮೀರಿ ಏರಿ ಟ್ರಾನ್ಸ್‌ಫಾರ್ಮರೋ ಟ್ಯೂಬುಗಳೋ ಸುಡಬಹುದು. ಸಾಮಾನ್ಯ ಡಿಐ ಬಾಕ್ಸ್ ಲೋಡ್ ಅಲ್ಲ, ಈ ಗೊಂದಲದಿಂದಲೇ ಆಂಪ್ ಕಳೆದುಕೊಂಡವರಿದ್ದಾರೆ. ಲೋಡ್ ಬಾಕ್ಸಿನ ಓಮ್ಸ್ ಆಂಪಿನ ಔಟ್‌ಪುಟ್ಟಿಗೆ ಹೊಂದಬೇಕು, ವಾಟ್ ಅದಕ್ಕಿಂತ ಹೆಚ್ಚಿರಬೇಕು. ಜೋಡಿಸಲು ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ಬಿಸಿಯಾಗಿ ಕರಗೀತು. ರಿಯಾಕ್ಟಿವ್ ಲೋಡ್ ನಿಜವಾದ ಸ್ಪೀಕರಿನಂತೆ ಆವರ್ತನಕ್ಕೆ ತಕ್ಕಂತೆ ಹೊರೆ ಬದಲಿಸುವುದರಿಂದ ಬೇಸ್ ಮತ್ತು ಪ್ರೆಸೆನ್ಸ್ ಜೀವಂತವಾಗಿರುತ್ತವೆ. ಅದರ ಲೈನ್ ಔಟ್ ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ ಹೋಗಲಿ, ಆಮೇಲೆ ಐಆರ್.

ಹೆಡ್‌ಫೋನಿನಲ್ಲಿ ಭರ್ಜರಿ, ಬೇರೆ ಸ್ಪೀಕರಿನಲ್ಲಿ ತಗಡು. ಯಾಕೆ?

ಜೋರಾಗಿ ಕೇಳುವಾಗ ಕಿವಿಗೆ ಬೇಸ್, ಟ್ರೆಬಲ್ ಎರಡೂ ಹೆಚ್ಚು ಕೇಳುತ್ತವೆ, ವಾಲ್ಯೂಮ್ ಇಳಿದಾಗ ಅವೆರಡೂ ಕುಗ್ಗಿ ಟೋನ್ ತಗಡಾಗುತ್ತದೆ. ಪಕ್ಕದಲ್ಲಿ ಕೂತವರೊಂದಿಗೆ ಮಾತಾಡಬಹುದಾದಷ್ಟು ವಾಲ್ಯೂಮಿನಲ್ಲಿ ಟೋನ್ ಹೊಂದಿಸಿ. ನಿಮಗೆ ಮೆಚ್ಚುಗೆಯಾದ ಆಲ್ಬಮ್ಮಿನ ಹಾಡೊಂದನ್ನು ಅದೇ ಪ್ರಾಜೆಕ್ಟಿಗೆ ಹಾಕಿ, 8ರಿಂದ 10 ಡಿಬಿ ಇಳಿಸಿ, ಹೋಲಿಸುತ್ತಾ ಇರಿ. ಅದರಲ್ಲಿ ಗಿಟಾರ್ ನೀವಂದುಕೊಂಡದ್ದಕ್ಕಿಂತ ತೆಳ್ಳಗಿರುವುದು, ದಪ್ಪ ಅನ್ನಿಸಿದ್ದರ ಅರ್ಧ ಭಾಗ ಬೇಸ್ ಗಿಟಾರಿನದೇ ಆಗಿರುವುದು ಕಾಣುತ್ತದೆ.

ರೆಕಾರ್ಡ್ ಆದಮೇಲೆ ಹಸಿ ಡಿಐ ಇಟ್ಟುಕೊಳ್ಳಬೇಕೇ?

ಇಟ್ಟುಕೊಳ್ಳಿ, ಅಳಿಸಲೇಬೇಡಿ. ಟ್ರ್ಯಾಕಿನಲ್ಲಿ ಡಿಐ ಮಾತ್ರ ದಾಖಲಾಗಿ, ಪ್ಲಗಿನ್ ಮೇಲಿಂದ ಕೇಳುವಂತೆ ಇರಲಿ. ಮಲ್ಟಿ ಇಫೆಕ್ಟ್ ಬಳಸುವವರು ಯುಎಸ್‌ಬಿಯಲ್ಲಿ ಹಸಿ ಸಿಗ್ನಲ್ ಬೇರೆ ಚಾನಲ್ಲಿನಲ್ಲಿ ಸಿಗುತ್ತದೆಯೇ ನೋಡಿ, ಸಿಕ್ಕರೆ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಆರು ತಿಂಗಳು ಬಿಟ್ಟು ಬೇರೆ ಆಂಪ್ ಬೇಕೆನಿಸಿದರೆ ಮತ್ತೆ ನುಡಿಸಬೇಕಿಲ್ಲ. ಮುಂದೊಮ್ಮೆ ಅದೇ ಡಿಐಯನ್ನು ನಿಜವಾದ ಆಂಪಿಗೆ ಕಳಿಸುವುದಾದರೆ ನಡುವೆ ರೀಆಂಪ್ ಬಾಕ್ಸ್ ಹಾಕಿ. ಇಂಟರ್‌ಫೇಸಿನ ಲೈನ್ ಔಟ್ ಗಿಟಾರಿಗಿಂತ ಜೋರು, ಸೀದಾ ಕೊಟ್ಟರೆ ಆಂಪಿನ ಮೊದಲ ಹಂತವೇ ತುಂಬಿ ಒಡೆಯುತ್ತದೆ.